ಐದರಲ್ಲೊಂದು ಕಳಾವರ್

ಡ್ರೈವರಣ್ಣನಿಗೆ,

ಎದುರಿಗೆ ಹೇಳೋಕೆ ಬಾಯಿ ಬರಲಿಲ್ಲ, ಅದಕ್ಕೇ ಈ ಕಾಗದ.

ಪೋಕರ್ ಎಲೆಯಾಟದಲ್ಲಿ ಯಾವಾಗಲೂ ನಾನು ಮೊದಲು ಆಡೋನು, ನೀವು ಕೊನೆಗೆ. ‘ಕೊನೇ ಪಣ ಅಲ್ಲೀವರೆಗಿನ ಆಟಕ್ಕೆ ತಾಳೆಯಾದ್ರೆ ಆಟ ಬಿಟ್ಟು ಎಲೆ ಕೆಳಗಿಡು, ಆಗದಿದ್ರೆ ಕಾಲ್ ಮಾಡು, ಅಷ್ಟೇ ಪಣ ಕಟ್ಟಿ ಎಲೆ ಬಿಚ್ಚಿಸು’ ಅಂತ ಕಲಿಸಿದ್ದು ನೀವೇ. ಮಂಗಳವಾರ ಡಿಪೋದಲ್ಲಿ ನಿಮ್ಮ ಪಣ ಸರಿಯಾಗೇ ತಾಳೆಯಾಗಿತ್ತು. ಆದ್ರೂ ಕಾಲ್ ಮಾಡಿದೆ. ಯಾಕಂದ್ರೆ ನೀವು ಒಂದೇ ಎಲೆಯನ್ನ ಮೂರು ಸಲ ಕಿಟಕಿ ಬೆಳಕಿಗೆ ಹಿಡಿದು ನೋಡಿದ್ರಿ.

“ಐದೂ ಇಸ್ಪೇಟು!” ಅಂತ ಹರಡಿದ್ರಿ. ಅದರಲ್ಲೊಂದು ಕಳಾವರ್ ಇತ್ತು, ಅಣ್ಣ; ಬಣ್ಣ ಎರಡೂ ಕಪ್ಪೇ, ಆಕಾರ ಬೇರೆ. ಮಿಕ್ಕವರು ನೋಡೋ ಮೊದಲೇ ಎಲೆ ಬಾಚಿ, ಪಣಕ್ಕಿಟ್ಟ ನಟ್ಟುಗಳನ್ನೆಲ್ಲ ನಿಮ್ಮ ಕಡೆ ತಳ್ಳಿದೆ. ಬೇಕಂತಲೇ ಸುಳ್ಳು ಪಣ ಕಟ್ಟಿದ್ರೆ ನಕ್ಕುಬಿಡ್ತಿದ್ದೆ. ನೀವು ನಂಬಿ ಕಟ್ಟಿದ್ರಿ. ನನಗೆ ಭಯ ಆಗಿದ್ದು ಅದಕ್ಕೆ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಕಣ್ಣಿನ ಡಾಕ್ಟರ ಹತ್ರ ನಿಮ್ಮ ಹೆಸರು ಬರೆಸಿದ್ದೀನಿ. ಅತ್ತಿಗೆಗೆ ಹೇಳಿಲ್ಲ, ಮ್ಯಾನೇಜರಿಗೂ ಹೇಳಿಲ್ಲ. ಆಸ್ಪತ್ರೆ ಬಾಗಿಲಲ್ಲೇ ಕಾಯ್ತಿರ್ತೀನಿ. ಬೈಯೋದಿದ್ರೆ ಅಲ್ಲೇ ಬೈಯಿರಿ.

ಹನ್ನೊಂದು ವರ್ಷದಲ್ಲಿ ನನ್ನ ಸೀಟಿ ಕೇಳದೆ ನೀವು ಒಂದು ದಿನವೂ ಬಸ್ಸು ಎತ್ತಿಲ್ಲ. ಸೋಮವಾರ, ಡಾಕ್ಟರ ಚೀಟಿ ನೋಡೋವರೆಗೆ ನಾನು ಸೀಟಿ ಊದಲ್ಲ.

ನಿಮ್ಮ ಹಿಂಬಾಗಿಲ ತಮ್ಮ,
ಕಂಡಕ್ಟರ್