ಅರಿಶಿಣ ಹಚ್ಚಿದ ನನ್ನ ಮುಖವೂ ನಿಮ್ಮ ಕಾಮಾಲೆಯ ಪುಟವೂ

ಆರೋಗ್ಯ ಜಾಗೃತಿ ಸಂಸ್ಥೆಯ ಮಾನ್ಯ ಕಾರ್ಯದರ್ಶಿಗಳೇ,

ನಿಮ್ಮ ವೆಬ್‌ಸೈಟಿನ ಕಾಮಾಲೆ ಪುಟದಲ್ಲಿ ಹಲ್ಲು ಕಿರಿಯುತ್ತಿರುವ ರೋಗಿ ನಾನು. ನನಗೆ ಕಾಮಾಲೆಯಿಲ್ಲ, ಎಂದೂ ಇರಲಿಲ್ಲ. ಅದು ನನ್ನ ಮದುವೆಯ ಅರಿಶಿಣದ ದಿನ ತೆಗೆದ ಫೋಟೊ.

ನಮ್ಮಲ್ಲಿ ಅರಿಶಿಣ ಹಚ್ಚುವುದೆಂದರೆ ಕೆನ್ನೆಗೆ ಎರಡು ಬೊಟ್ಟಿಡುವುದಲ್ಲ. ಸೋದರತ್ತೆಯರು, ಚಿಕ್ಕಮ್ಮಂದಿರು, ಓಣಿಯ ಹೆಂಗಸರೆಲ್ಲ ಸೇರಿ ರೆಪ್ಪೆ, ಕಿವಿ, ಉಗುರಿನ ಸಂದಿಯನ್ನೂ ಬಿಡದೆ ಮೆತ್ತುತ್ತಾರೆ. ಒಳ್ಳೆಯ ಸೀರೆ ಹಾಳಾಗಬಾರದೆಂದು ಇದ್ದುದರಲ್ಲೇ ಹಳೆಯದನ್ನು ಉಡಿಸುತ್ತಾರೆ. ಕೂದಲು ಬಿಚ್ಚಿರುತ್ತದೆ. ಆದರೂ ಮರುದಿನ ಗೋಪಾಲ ಅವರ ಹೆಂಡತಿಯಾಗುವ ಸಂತೋಷಕ್ಕೆ ನಾನು ಮೂವತ್ತೆರಡು ಹಲ್ಲೂ ಕಾಣುವಂತೆ ನಕ್ಕಿದ್ದೆ. ಮದುವೆಯಾಗಿ ಮೂರು ತಿಂಗಳಾದರೂ, ಸಂಜೆ ಕೆಲಸ ಮುಗಿಸಿ ಅವರು ಬರುವ ಬಸ್ಸು ಕಮಲಾಪುರಕ್ಕೆ ಬಂತೆಂದರೆ ಈಗಲೂ ಹಾಗೇ ನಗುತ್ತೇನೆ. ಮಾನ್ಯರೇ, ಪಿತ್ತಕೋಶ ಕೆಟ್ಟವರು ಹೀಗೆ ನಗುವುದನ್ನು ನೀವು ಎಲ್ಲಿ ಕಂಡಿರಿ?

ಫೋಟೊ ತೆಗೆದವರು ಕಲಬುರ್ಗಿಯ ರೋಜಾ ಬಡಾವಣೆಯಲ್ಲಿ ಸ್ಟುಡಿಯೊ ಇಟ್ಟಿರುವ ಚಾಂದಪಾಶಾ. ಕೇಳಿದರೆ ಅವರೇ ಅಳುವಂತಾದರು. “ತಾಯಿ, ನೋಡಿದ ಮಂದಿ ನಿಂತು ನೋಡ್ಬೇಕು, ಅಂಥಾ ಮಾರಿದು ಫೋಟೊ ಕೊಡು ಅಂತ ಸಂಸ್ಥೆದವ್ರು ಅಂದ್ರು. ಅರಿಶಿಣದ ಔಷಧಿ ಗುಣ ಬರೀತಾರಂತ ತಿಳ್ದು ಕೊಟ್ಟೀನ್ರಿ. ಖುದಾ ಕಸಮ್!”

ನೀವು ಅವರಿಗೆ ಕಳಿಸಿದ ಇಂಗ್ಲಿಷ್ ಸುತ್ತೋಲೆಯನ್ನೂ ತೋರಿಸಿದರು. ಇಂಗ್ಲಿಷ್ ಶಾಲೆಯಲ್ಲಿ ಕಲಿತವಳು, ಚೆನ್ನಾಗಿಯೇ ಓದಿದೆ. ಆಕರ್ಷಕ ಫೋಟೊ ಎಂದರೆ ನಗುಮುಖವಿರಲಿ, ಕಣ್ಣು ಕ್ಯಾಮರಾ ನೋಡುತ್ತಿರಲಿ, ಬಣ್ಣ ಗಾಢವಾಗಿರಲಿ, ನಮ್ಮ ಜಿಲ್ಲೆಯವರೇ ಇರಲಿ. ನಾಲ್ಕೂ ನನ್ನಲ್ಲಿವೆ, ಒಪ್ಪಿದೆ. ಈ ಹುಡುಗಿ ಯಾರು, ಇವಳನ್ನು ಕೇಳಿದ್ದೀರಾ ಎಂಬ ಐದನೆಯ ಸಾಲಿಗೆ ಮಾತ್ರ ಕಾಗದ ಸಾಲಲಿಲ್ಲವೇ?

ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಆ ಪುಟವನ್ನು ಅಚ್ಚು ಹಾಕಿಸಿ ಕಮಲಾಪುರದ ಔಷಧಿ ಅಂಗಡಿಯ ಗೋಡೆಗೂ ಅಂಟಿಸಿದಿರಿ. ನಮ್ಮ ಮನೆಯಿಂದ ಎರಡು ಮನೆ ಆಚೆ ಇರುವ ಪಾರ್ವತೀಬಾಯಿಯವರ ಮಗನಿಗೆ ನನ್ನ ತಂಗಿ ಗೋದಾವರಿಯನ್ನು ಕೊಡಲು ನಾನೇ ಮಾತಾಡಿದ್ದೆ. ಹುಡುಗ ಒಪ್ಪಿದ್ದ. ಅವಳಂತೂ ದಿನಕ್ಕೆರಡು ಸಲ ಫೋನ್ ಮಾಡಿ ಅವನ ಸುದ್ದಿ ಕೇಳುತ್ತಿದ್ದಳು. ಅಕ್ಕತಂಗಿ ಒಂದೇ ಓಣಿಯಲ್ಲಿರುತ್ತೇವೆಂದು ನಾನು ಕುಣಿದಾಡಿದ್ದೆ. ಬಿ.ಪಿ. ಗುಳಿಗೆ ತರಲು ಹೋದ ಪಾರ್ವತೀಬಾಯಿ ಗೋಡೆ ನೋಡಿ ನೇರ ನಮ್ಮ ಮನೆಗೆ ಬಂದರು. “ಅರಿಶಿಣ ಅಂತ ನೀ ಅಂತಿ. ಕಂಪ್ಯೂಟರ್‌ನ್ಯಾಗ ಬಂದದ್ದು ಸುಳ್ಳ ಇರ್ತದೇನವಾ? ಅಕ್ಕಗ ಇದ್ದದ್ದು ತಂಗಿಗಿ ಇರಂಗಿಲ್ಲೇನು?”

ಕಲಬುರ್ಗಿಯ ನಿಮ್ಮ ಕಚೇರಿಗೆ ಓಡಿದೆ. ನಿಮ್ಮ ಗುಮಾಸ್ತ ಕಾಶಿರಾಯರು ಕುರ್ಚಿ ಕೊಟ್ಟರು, ಚಹಾ ಕೊಟ್ಟರು, ಅಭಿನಂದನೆಯನ್ನೂ ಸಲ್ಲಿಸಿದರು. “ನಿಮ್ಮ ಫೋಟೊ ಹಾಕಿದ ಮ್ಯಾಲ ನೋಡೋ ಮಂದಿ ನಾಕ್ ಪಟ್ಟ ಆಗ್ಯಾರ್ರೀ! ಸಾಹೇಬ್ರು ಭಾಳ ಖುಷ್ ಅದಾರ.” ತೆಗೆಯಿರಿ ಎಂದೆ. “ರೋಗ ಇಲ್ಲಂತ ಡಾಕ್ಟರ್ ಸರ್ಟಿಫಿಕೇಟ್ ತರ್ರಿ, ಆಮ್ಯಾಲ ನೋಡಮ್.”

ರಕ್ತ ಪರೀಕ್ಷೆ ಮಾಡಿಸಿ ಸರ್ಟಿಫಿಕೇಟ್ ತಂದೆ. ಅದನ್ನೂ ನೀವು ವೆಬ್‌ಸೈಟಿಗೆ ಏರಿಸಿದಿರಿ! ಈಗ ನನ್ನ ಫೋಟೊದ ಕೆಳಗೆ ‘ಸಕಾಲಿಕ ಚಿಕಿತ್ಸೆಯಿಂದ ಗುಣಮುಖರಾದ ಕಮಲಾಪುರದ ಗೃಹಿಣಿ’ ಎಂದಿದೆ. ಇನ್ನು ಯಾವ ದಾಖಲೆ ತರಲಿ, ಮಾನ್ಯರೇ? ತಂದದ್ದೆಲ್ಲ ನನ್ನ ರೋಗಕ್ಕೇ ಸಾಕ್ಷಿಯಾಗುತ್ತಿದೆ.

ಬರುವ ಭಾನುವಾರ ಪಾರ್ವತೀಬಾಯಿ ಶರಣಸಿರಸಗಿಗೆ ಬೇರೊಂದು ಹುಡುಗಿಯನ್ನು ನೋಡಲು ಹೋಗುತ್ತಾರಂತೆ. “ಹೋಗ್ಲಿ ಬಿಡಕ್ಕಾ, ನೀ ಅತ್ತು ಮಾರಿ ಕೆಡಿಸ್ಕೋಬ್ಯಾಡ” ಎಂದಳು ಗೋದಾವರಿ. ಸಮಾಧಾನ ಹೇಳಬೇಕಾದವಳು ನಾನು.

ಫೋಟೊ ತೆಗೆಯಲು ತಾಂತ್ರಿಕ ತೊಂದರೆಯಿದ್ದರೆ ಅದು ಅಲ್ಲೇ ಇರಲಿ. ಶನಿವಾರದೊಳಗೆ ಅದರ ಕೆಳಗೆ ಇಷ್ಟು ಬರೆಸಿ: ಈಕೆ ಮದುಮಗಳು, ಈಕೆಗೆ ಯಾವ ಕಾಯಿಲೆಯೂ ಇರಲಿಲ್ಲ, ತಪ್ಪು ನಮ್ಮದು. ಅದರ ಒಂದು ಪ್ರತಿಯನ್ನು ಔಷಧಿ ಅಂಗಡಿಯ ಗೋಡೆಗೂ ಅಂಟಿಸಿ. ನಾನೇ ಬರೆದು ಅಂಟಿಸಿದರೆ ಊರಲ್ಲಿ ಯಾರೂ ನಂಬುವುದಿಲ್ಲ. ನೀವು ಬರೆದರೆ ಸುಳ್ಳನ್ನೂ ನಂಬುತ್ತಾರೆ. ಒಮ್ಮೆ ನಿಜವನ್ನು ಬರೆದು ನೋಡಿ.

ಇಂತಿ,
ಬಾರದ ರೋಗದಿಂದ ಗುಣಮುಖಳಾದ
ವೈಜಯಂತಿ ಗೋಪಾಲ
ಕಮಲಾಪುರ, ೨೦೦೬