ಆರು ಗಂಟೆಯ ಬಸ್ಸಿನ ಲೆಕ್ಕಕ್ಕೆ ಸಿಗದವರು

ನರಿಮೊಗರು
೧೨ ನವೆಂಬರ್ ೨೦೨೪

ಪ್ರೀತಿಯ ಕಮಲಾ,

ಹೇಗಿದ್ದೀಯ? ಮಡಿಕೇರಿಯ ಚಳಿಗೆ ನಿನ್ನ ಮೊಣಕಾಲು ಹಿಡಿದುಕೊಂಡಿರಬೇಕು, ನೀನು ಹೇಳದಿದ್ದರೂ ನನಗೆ ಗೊತ್ತು. ಮಗಳು ಸುರಕ್ಷಾ ಹೊಟ್ಟೆ ತುಂಬ ಉಣ್ಣುತ್ತಾಳೋ? ಮಗು ನಿಮ್ಮನ್ನು ನಿದ್ದೆ ಮಾಡಲು ಬಿಡುತ್ತದೋ? ಅವಳಿಗೆ ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದಕ್ಕೆ ಬಾಣಂತನಕ್ಕೆ ನೀನೇ ಅಲ್ಲಿಗೆ ಹೋಗಿ ಇವತ್ತಿಗೆ ಏಳು ವಾರ. ಫೋನು ಮಾಡಿದರೆ ಅರ್ಧ ಹೊತ್ತು ಮಗುವಿನ ಅಳುವೇ ಕೇಳುತ್ತದೆ, ಉಳಿದರ್ಧದಲ್ಲಿ ನನಗೆ ಹೇಳಬೇಕಾದದ್ದು ಬಾಯಿಗೆ ಬರುವುದಿಲ್ಲ. ಅದಕ್ಕೇ ಕಾಗದ ಬರೆಯಲು ಕುಳಿತೆ. ನಾನು ಚೆನ್ನಾಗಿದ್ದೇನೆ. ಗಂಜಿ ಬೇಯಿಸಲು ಕಲಿತಿದ್ದೇನೆ, ಚಟ್ನಿಗೆ ಮಾತ್ರ ಉಪ್ಪು ಒಂದೋ ಹೆಚ್ಚು, ಇಲ್ಲವೋ ಕಡಿಮೆ.

ನೀನು ಹೋದ ಮೇಲೆ ನಮ್ಮ ರಸ್ತೆಗೆ ಬ್ಯಾಟರಿ ಬಸ್ ಬಂದಿದೆ. ಊರಿನ ಕೆಲವರು ಸೇರಿ ಒಂದು ಸಾರಿಗೆ ಸಂಘ ಮಾಡಿ, ನರಿಮೊಗರಿನಿಂದ ಪುತ್ತೂರಿಗೆ ಎರಡು ಸಣ್ಣ ಬಸ್ಸು ಬಿಟ್ಟಿದ್ದಾರೆ. ಹೊಗೆಯಿಲ್ಲ, ಸದ್ದಿಲ್ಲ. ಮೂವತ್ತೆರಡು ವರ್ಷ ಗುತ್ತಿಗಾರಿನ ಏರಿನಲ್ಲಿ ಡೀಸೆಲ್ ಹೊಗೆ ಬಿಟ್ಟುಕೊಂಡು ಬಸ್ಸು ಓಡಿಸಿದವನು ನಾನು. ಮೊದಲ ದಿನ ಇದರಲ್ಲಿ ಕುಳಿತಾಗ ಇಂಜಿನ್ ಆಫ್ ಆಗಿದೆಯೆಂದೇ ಎಣಿಸಿದ್ದೆ. ಇದರ ಮೊಬೈಲ್ ಆ್ಯಪ್ ಮಾಡಿದ್ದು ಪಕ್ಕದ ಮನೆಯ ತನ್ಮಯೀ, ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾಳಲ್ಲ, ಅವಳೇ. ಬಸ್ಸು ಎಲ್ಲಿದೆಯೆಂದು ಅದರಲ್ಲಿ ಕಾಣುತ್ತದೆ. ಬರುತ್ತೇನೆಂದು ಒತ್ತಿದರೆ ಹೆಸರು ಸೇರುತ್ತದೆ. ಯಾವ ಹೊತ್ತಿಗೆ ಹೆಚ್ಚು ಜನ ಒತ್ತುತ್ತಾರೋ ಆ ಹೊತ್ತಿಗೆ ಬಸ್ಸು. ಒಂದು ಚಾರ್ಜಿಗೆ ಇಷ್ಟೇ ಟ್ರಿಪ್ ಎಂದಿರುವಾಗ ಖಾಲಿ ಓಡಿಸಿ ಪ್ರಯೋಜನವಿಲ್ಲ, ಆ ಮಾತು ನನಗೂ ಸರಿ ಕಂಡಿತು.

ಹೋದ ತಿಂಗಳು ಬೆಳಿಗ್ಗೆ ಆರರ ಟ್ರಿಪ್ ನಿಲ್ಲಿಸುತ್ತಾರೆಂದು ಸುದ್ದಿಯಾಯಿತು. ನನಗೂ ಆಗ ಪುತ್ತೂರಿನಲ್ಲಿ ಸ್ವಲ್ಪ ಕೆಲಸವಿದ್ದು ಅದೇ ಬಸ್ಸಿನಲ್ಲಿ ಹೋಗುತ್ತಿದ್ದೆ. ಹೋದಾಗಲೆಲ್ಲ ಹದಿಮೂರು ಹದಿನಾಲ್ಕು ಜನ ಇರುತ್ತಿದ್ದರು, ಹೆಚ್ಚಿನವರು ಆಸ್ಪತ್ರೆ, ಹೋಟೆಲುಗಳಲ್ಲಿ ಗುಡಿಸಿ ಒರೆಸುವ ಹೆಂಗಸರು. ತನ್ಮಯೀಯ ಮನೆಗೆ ಹೋಗಿ ಕೇಳಿದೆ. ಅವಳು ಮೊಬೈಲ್ ತೋರಿಸಿ, "ಎಂತ ಮಾಡುದು ಅಜ್ಜ, ಇದರಲ್ಲಿ ಎರಡೇ ಜನ ಕಾಣುದು. ನಾನು ಸುಳ್ಳು ಹೇಳ್ಲಿಕ್ಕೆ ಆಗ್ತದಾ?" ಎಂದಳು. ನನಗೆ ಸಿಟ್ಟು ಬಂತು. "ಮೊಬೈಲ್ ನೋಡುದು ಬಿಡು, ನಾಳೆ ಆರು ಗಂಟೆಗೆ ಬಂದು ಜನ ನೋಡು" ಎಂದುಬಿಟ್ಟೆ. ನನ್ನ ಬಾಯಿ ನಿನಗೆ ಗೊತ್ತಲ್ಲ. ಪಾಪ, ಆ ಹುಡುಗಿಯ ಮುಖ ಸಣ್ಣದಾಯಿತು.

ಆದರೂ ಬಂದಳು. ಎಲ್ಲರೂ ಹತ್ತಿದ ಮೇಲೆ ಎಣಿಸಿದಳು, ಹದಿನಾಲ್ಕು. ನನ್ನ ಎದುರಿನ ಸೀಟಿನಲ್ಲಿ ಸಫಿಯಮ್ಮ ಇದ್ದರು. ಆಸ್ಪತ್ರೆಯೊಂದರಲ್ಲಿ ವಾರ್ಡು ಒರೆಸುವ ಕೆಲಸ ಅವರದು, ಏಳಕ್ಕೆ ಮೊದಲು ಹಾಜರಿ ಹಾಕದಿದ್ದರೆ ಆ ದಿನದ ಕೆಲಸ ಹೋಯಿತು. ಈ ಬಸ್ಸು ಶುರುವಾಗುವ ಮೊದಲು ಐದಕ್ಕೇ ಮನೆ ಬಿಟ್ಟು, ಟಾರ್ಚು ಹಿಡಿದು ನಡೆದೇ ಹೋಗುತ್ತಿದ್ದರಂತೆ. ಆ್ಯಪ್ ಯಾಕೆ ಹಾಕಿಕೊಂಡಿಲ್ಲವೆಂದು ತನ್ಮಯೀ ಕೇಳಿದಾಗ ಸೆರಗಿನ ಗಂಟಿನಿಂದ ಬಟನ್ ಫೋನ್ ತೆಗೆದು ತೋರಿಸಿದರು. "ಬಸ್ಸು ಬರುದು ನಂಗೆ ಗೊತ್ತುಂಟು. ನಾನು ಬರುದು ಬಸ್ಸಿಗೆ ಗೊತ್ತಿಲ್ವಾ ಮಗಾ?"

ತನ್ಮಯೀ ತಲೆ ತಗ್ಗಿಸಿ ತನ್ನ ಮೊಬೈಲನ್ನು ಚೀಲಕ್ಕೆ ಹಾಕಿದಳು. ನನಗೂ ನಾಚಿಕೆಯಾಯಿತು ಕಮಲಾ. ಸ್ಟೇರಿಂಗ್ ಹಿಡಿದಿದ್ದಾಗ ಯಾವ ತಿರುವಿನಲ್ಲಿ ಯಾರು ನಿಂತಿರುತ್ತಾರೆಂದು ನನಗೆ ಗೊತ್ತಿತ್ತು, ಕಾಣದಿದ್ದರೆ ಹಾರ್ನ್ ಹಾಕಿ ಒಂದು ನಿಮಿಷ ಕಾಯುತ್ತಿದ್ದೆ. ಈಗ ಮೂರು ವಾರದಿಂದ ಆಗಾಗ ಇವರ ಜೊತೆಗೇ ಕುಳಿತು ಹೋಗಿದ್ದೆ, ಒಬ್ಬರ ಹೆಸರನ್ನೂ ಕೇಳಿರಲಿಲ್ಲ. ಲೆಕ್ಕ ತಪ್ಪಿದ್ದು ಮೊಬೈಲಿನದ್ದು ಮಾತ್ರ ಎಂದು ಹೇಗೆ ಹೇಳಲಿ?

ದಾರಿ ತೋರಿಸಿದ್ದೂ ಸಫಿಯಮ್ಮನೇ. "ಮಗಳಿಗೆ ನಾನು ಮಿಸ್ ಕಾಲ್ ಕೊಡುದು. ಬಸ್ಸಿಗೂ ಕೊಟ್ರೆ ಆಗುದಿಲ್ವಾ?" ಎಂದರು. ತನ್ಮಯೀ ಒಂದು ವಾರ ಕುಳಿತು ಅದನ್ನೇ ಮಾಡಿದಳು. ಈಗ ಒಂದು ನಂಬರಿಗೆ ಮಿಸ್ ಕಾಲ್ ಕೊಟ್ಟರೆ ಹೆಸರು ಸೇರುತ್ತದೆ. ಇಬ್ಬರು ಹೆಂಗಸರು ನಂಬರ್ ಕೊಡಲು ಒಪ್ಪಲಿಲ್ಲ. ಅಂಥವರು ಹತ್ತುವಾಗ ಡ್ರೈವರ್ ತನ್ನ ಮೊಬೈಲಿನಲ್ಲಿ ಒತ್ತುತ್ತಾನೆ. ಸಂಘದವರು ಆರರ ಟ್ರಿಪ್ಪನ್ನು ಇನ್ನು ಮೂರು ತಿಂಗಳು ನೋಡೋಣ ಎಂದಿದ್ದಾರೆ. ಮೂರೇ ತಿಂಗಳಾ ಎಂದು ನಾನು ಗೊಣಗಿದೆ. ಸಫಿಯಮ್ಮ ನಕ್ಕು, "ಮೂರು ತಿಂಗಳು ಅಂದ್ರೆ ಕಮ್ಮಿಯಾ ಮಾರಾಯ್ರೆ!" ಎಂದರು.

ಮಗಳಿಗೂ ಅಳಿಯನಿಗೂ ನನ್ನ ನೆನಪು ತಿಳಿಸು. ಮಗುವಿನ ತಲೆಯ ಮೇಲೆ ಅಜ್ಜನ ಪರವಾಗಿ ಒಮ್ಮೆ ಕೈಯಿಡು. ಮೊಣಕಾಲಿಗೆ ಎಣ್ಣೆ ಹಚ್ಚಲು ಮರೆಯಬೇಡ.

ನಿನ್ನ,
ಬೆಳ್ಯಪ್ಪ

ತಾ.ಕ.: ಪುತ್ತೂರಿನಲ್ಲಿ ನನಗಿದ್ದ ಕೆಲಸ ಕಣ್ಣಿನ ಡಾಕ್ಟರ ಹತ್ತಿರ, ಟೋಕನಿಗೆ ಬೇಗ ಹೋಗಬೇಕಿತ್ತು. ಕಣ್ಣಿನ ಒತ್ತಡವಂತೆ. ಎದುರಿನದು ಕಾಣುತ್ತದೆ, ಓದಲು ಬರೆಯಲು ಅಡ್ಡಿಯಿಲ್ಲ, ಬದಿಯದು ಹೋಗಿದೆ. ದಿನಾ ಕಣ್ಣಿಗೆ ಮದ್ದು ಹಾಕಿದರೆ ಇದ್ದದ್ದು ಉಳಿಯುತ್ತದೆ, ಆದರೆ ಇನ್ನು ವಾಹನ ಓಡಿಸಬಾರದೆಂದರು. ನಮ್ಮ ಜೀಪಿನ ಕೀಯನ್ನು ಗುತ್ತಿಗಾರಿಗೆ ಹೋಗಿ ತಮ್ಮ ಮೇದಪ್ಪನ ಕೈಯಲ್ಲಿ ಕೊಟ್ಟು ಬಂದೆ. ಸುರಕ್ಷಾಳಿಗೆ ಈಗಲೇ ಹೇಳಬೇಡ. ನಿನ್ನನ್ನು ಕರೆದುಕೊಂಡು ಬರಲು ಬಸ್ಸಿನಲ್ಲೇ ಬರುತ್ತೇನೆ. ವಾಪಸ್ಸು ಬರುವಾಗ ನೀನು ನನ್ನ ಬಲಕ್ಕೆ ಕುಳಿತುಕೋ, ಆ ಬದಿಯೇ ಹೆಚ್ಚು ಮಬ್ಬು.