ಸೀಟಿ ಹೊಡೆಯುವ ಸೈಕಲ್

ಮಾರ್ಚ್ 3, ಮಂಗಳವಾರ
ಮತ್ತೆ ಗಾಳಿ ಸುರಂಗದಲ್ಲಿ ಪರೀಕ್ಷೆ, ಬೆಳಿಗ್ಗೆ ಏಳಕ್ಕೇ. ದೊಡ್ಡ ಫ್ಯಾನಿನ ಮುಂದೆ ಹೊಸ ಸೈಕಲ್, ಅದರ ಮೇಲೆ ಅಕ್ಕ. ಫ್ಯಾನಿನ ಅಬ್ಬರಕ್ಕೆ ನನ್ನ ಮಾತು ನನಗೇ ಕೇಳಿಸುವುದಿಲ್ಲ. ಈಜು, ಸೈಕಲ್, ಓಟ ಮೂರನ್ನೂ ಒಂದೇ ಉಸಿರಿಗೆ ಮುಗಿಸುವ ಹುಚ್ಚು ಇವಳಿಗೆ. ಇಂಥವರಿಗೆ ಸೈಕಲ್ ಡಿಸೈನ್ ಮಾಡುವ ಕೆಲಸ ನನಗೆ. ವೈರುಗಳೆಲ್ಲ ಹ್ಯಾಂಡಲ್ ಒಳಗೆ. ನೀರಿನ ಬಾಟಲಿ ಎರಡು ತೋಳಿನ ನಡುವೆ. ತಿಂಡಿ ಡಬ್ಬಿ ಫ್ರೇಮಿನಲ್ಲೇ ಹುದುಗಿದೆ. ಅದರ ಮುಚ್ಚಳ ಸರಿಯಾಗಿ ಕೂರಲಿಲ್ಲ, ಸಂದಿಗೆ ಟೇಪ್ ಅಂಟಿಸಿದೆ. ಸದ್ಯಕ್ಕೆ.

ಹಳೇ ಮಾಡೆಲ್‌ಗಿಂತ ನಲವತ್ತು ಕಿಲೋಮೀಟರಿಗೆ ಐವತ್ತೆರಡು ಸೆಕೆಂಡ್ ಉಳಿತಾಯ! ಕಂಪನಿಯ ಯಜಮಾನರು ಫ್ರೇಮಿನ ಅಚ್ಚು ಮಾಡಿಸಲು ಒಪ್ಪಿಬಿಟ್ಟರು. ಒಂದು ವರ್ಷದ ಕೆಲಸ... ಕಾಲು ನೆಲದ ಮೇಲಿಲ್ಲ.

ಮಾರ್ಚ್ 9
ಅಕ್ಕ ಸೈಕಲನ್ನು ರಸ್ತೆಗಿಳಿಸಿದಳು. ವಾಪಸ್ ಬಂದವಳು ಹೆಲ್ಮೆಟ್ ಕೂಡ ತೆಗೆಯಲಿಲ್ಲ.
“ನಿನ್ನ ಸೈಕಲ್ ಸೀಟಿ ಹೊಡೆಯುತ್ತೆ ಕಣೆ. ದಾರೀಲಿ ಹೋಗೋರೆಲ್ಲ ನನ್ನನ್ನೇ ತಿರುಗಿ ನೋಡ್ತಾರೆ.”
ವೇಗವೂ ಅಷ್ಟಕ್ಕಷ್ಟೇ ಅಂತೆ. ನೀನೇ ಸರಿಯಾಗಿ ತುಳಿದಿಲ್ಲ ಎಂದೆ. ಬಾಟಲಿ ನನ್ನತ್ತ ತೂರಿ ಬಂತು.

ಮಾರ್ಚ್ 10, ಮಧ್ಯಾಹ್ನ
ಸಂಶಯ ಬಂದು ಈ ಡೈರಿಯನ್ನೇ ತಿರುವಿದೆ. ಸಿಕ್ಕಿತು—‘ಸಂದಿಗೆ ಟೇಪ್ ಅಂಟಿಸಿದೆ. ಸದ್ಯಕ್ಕೆ.’ ಆಮೇಲೆ ಅದನ್ನು ಕಿತ್ತು ಅಕ್ಕನಿಗೆ ಸೈಕಲ್ ಕೊಟ್ಟವಳು ನಾನೇ. ಐವತ್ತೆರಡು ಸೆಕೆಂಡ್ ಉಳಿದದ್ದು ಟೇಪ್ ಇದ್ದಾಗ, ಆಫೀಸಿನ ವರದಿಯಲ್ಲಿ ಅದರ ಸುದ್ದಿಯೇ ಇಲ್ಲ. ಈಗ ಸಂದಿಯಲ್ಲಿ ಗಾಳಿ ನುಗ್ಗುತ್ತಿದೆ. ಸೀಟಿಯೂ ಅದರದೇ, ವೇಗಕ್ಕೆ ಕಲ್ಲು ಹಾಕಿದ್ದೂ ಅದೇ.

ಯಾರಿಗೂ ಗೊತ್ತಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಅಚ್ಚು ಆಗಿಯೇ ಬಿಡುತ್ತದೆ.

ಮಾರ್ಚ್ 11
ಹೇಳಿಬಿಟ್ಟೆ. ಯಜಮಾನರು ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು.
“ಟೇಪ್ ಹಾಕಿದ್ದು ತಪ್ಪಲ್ಲಮ್ಮ. ಬರೆಯದೆ ಇದ್ದದ್ದು ತಪ್ಪು.”
“ಬರೆದಿದ್ದೆ ಸರ್. ಬೇರೆ ಪುಸ್ತಕದಲ್ಲಿ.”
ನಗಲಿಲ್ಲ. ಅಚ್ಚಿನ ಕೆಲಸ ನಿಲ್ಲಿಸಿದರು. ಭಾನುವಾರ ಅಕ್ಕನ ರೇಸ್. ತಿರುವಿನಲ್ಲಿ ನಿಂತು ತಾವೇ ಕಿವಿಗೊಟ್ಟು ಕೇಳುತ್ತಾರಂತೆ. ಸೀಟಿ ಬಂದರೆ ಹಳೇ ಮಾಡೆಲ್ಲೇ ಗತಿ.

ಮಾರ್ಚ್ 14
ಫೋಮ್ ಹಾಕಿದೆ, ಹಾರಿಹೋಯಿತು. ಅಂಟು ಹಾಕಿದೆ, ಮುಚ್ಚಳ ತೆರೆಯಲೇ ಇಲ್ಲ. ಇವತ್ತು ಅಡುಗೆಮನೆಯಲ್ಲಿ ಕುಕ್ಕರ್ ಮೇಲೆ ಕಣ್ಣು ಬಿತ್ತು. ಅದರ ರಬ್ಬರ್ ರಿಂಗ್ ಕತ್ತರಿಸಿ ಮುಚ್ಚಳದ ಅಂಚಿಗೆ ಕೂರಿಸಿದೆ. ಸೈಕಲ್ ಸೀಟಿ ನಿಂತಿತು, ನಮ್ಮ ಬೀದಿಯಲ್ಲಾದರೂ. ಕುಕ್ಕರಿನದೂ ನಿಂತಿತು. ಅಮ್ಮ ಒಂದು ಗಂಟೆಯಿಂದ ರಿಂಗ್ ಹುಡುಕುತ್ತಿದ್ದಾಳೆ. ನಾನೂ ಜೊತೆಗೆ ಹುಡುಕಿದೆ.

ಮಾರ್ಚ್ 15, ತಿರುವಿನಲ್ಲಿ, 8.40
ಯಜಮಾನರು ಪಕ್ಕದಲ್ಲೇ ಕಣ್ಣು ಮುಚ್ಚಿ ನಿಂತಿದ್ದರು. ಟೈರಿನ ಸರ್ರ್ ಎಂಬ ಸದ್ದು ಮಾತ್ರ.
“ಬಂದಳೇನಮ್ಮ?”
“ಹೋದಳು ಸರ್.”
ಮೊದಲ ಸುತ್ತಿಗೆ ಹಳೇ ಸೈಕಲ್‌ಗಿಂತ ಅರ್ಧ ನಿಮಿಷ ಬೇಗ. ಯಜಮಾನರು ಅಚ್ಚಿನವರಿಗೆ ಫೋನ್ ಮಾಡುತ್ತಿದ್ದಾರೆ. ನನಗೆ ಅಳು, ನಗು ಎರಡೂ.

9.12
ಎರಡನೇ ಸುತ್ತು. ಅಕ್ಕ ಕಾಣಿಸಿದಳು. ಸೀಟಿ! ಯಜಮಾನರ ಕೈಯಲ್ಲಿ ಫೋನ್ ಹಾಗೇ ನಿಂತಿತು. ಹತ್ತಿರ ಬಂದಾಗ ನೋಡಿದರೆ, ತುಟಿ ಗುಂಡಗೆ ಮಾಡಿಕೊಂಡು ಅವಳೇ... ಬರಲಿ ಮನೆಗೆ, ಇವಳನ್ನು—